ಅಡಿಗೆರೆ ವಾಲಿದರೆ: ದವಡೆಯ ಶಸ್ತ್ರಚಿಕಿತ್ಸೆಯೂ ಪ್ಲಾಸ್ಟರ್ ಮಾದರಿಯೂ

ಗಡಿ ವ್ಯಾಜ್ಯಗಳಲ್ಲಿ ಒಂದು ವಿಚಿತ್ರ ಆಗಾಗ ಕಾಣಸಿಗುತ್ತದೆ. ಮೋಜಣಿದಾರನು ಸರಪಳಿಯನ್ನು ಸರಿಯಾಗಿಯೇ ಎಳೆದಿರುತ್ತಾನೆ, ಲೆಕ್ಕದಲ್ಲಿ ತಪ್ಪಿರುವುದಿಲ್ಲ, ನಕ್ಷೆಯೂ ಅಂದವಾಗಿರುತ್ತದೆ. ಆದರೂ ಬೇಲಿ ನೆರೆಯವರ ತೋಟದೊಳಕ್ಕೆ ಸರಿದಿರುತ್ತದೆ. ಕಾರಣವನ್ನು ಹುಡುಕುತ್ತ ಹೋದರೆ, ಅಳತೆ ಹೊರಟ ಮೂಲಕಲ್ಲೇ ಸ್ಥಾನ ತಪ್ಪಿದೆಯೆಂಬುದು ಕೊನೆಗೆ ತಿಳಿಯುತ್ತದೆ. ಆಧಾರರೇಖೆ ವಾಲಿದ್ದರೆ, ಅದರ ಮೇಲೆ ನಿಂತ ಪ್ರತಿಯೊಂದು ಅಳತೆಯೂ ತನ್ನಷ್ಟಕ್ಕೆ ನಿಖರವಾಗಿದ್ದು ಒಟ್ಟಿನಲ್ಲಿ ತಪ್ಪಾಗಿರುತ್ತದೆ.

ಇದೇ ಮಾತು ಮನುಷ್ಯನ ಮುಖಕ್ಕೂ ಅನ್ವಯಿಸುವ ಒಂದು ಸಂದರ್ಭವಿದೆ. ಅದು ದವಡೆಯನ್ನು ಕತ್ತರಿಸಿ, ಸರಿಸಿ, ಹೊಸ ಸ್ಥಾನದಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆ. ಅಲ್ಲಿಯೂ ಮೊದಲು ಒಂದು ಮೋಜಣಿ ನಡೆಯುತ್ತದೆ. ಅಲ್ಲಿಯೂ ಮೂಲಕಲ್ಲು ಸರಿದುಹೋಗಬಹುದು. ಅದರ ಫಲವನ್ನು ಮಾತ್ರ ಒಬ್ಬ ಯುವಕನೋ ಯುವತಿಯೋ ಜೀವನಪೂರ್ತಿ ಮುಖದ ಮೇಲೆ ಹೊರಬೇಕಾಗುತ್ತದೆ.

ಹನ್ನೆರಡನೆಯ ತರಗತಿ ಮುಗಿಸಿದ ಒಬ್ಬ ಹುಡುಗಿಯನ್ನು ಉದಾಹರಣೆಯಾಗಿ ಭಾವಿಸಬಹುದು. ಹುಟ್ಟುವಾಗ ಆಕೆಗೆ ಸೀಳುತುಟಿ ಮತ್ತು ಸೀಳು ಅಂಗುಳ ಇದ್ದವು. ಶಿಶುವಾಗಿದ್ದಾಗಲೇ ಅವನ್ನು ಹೊಲಿದು ಸರಿಪಡಿಸಲಾಯಿತು. ಆದರೆ ಆ ಗಾಯದ ಕಲೆ ಮೇಲ್ದವಡೆಯ ಬೆಳವಣಿಗೆಯನ್ನು ಹಿಡಿದಿಟ್ಟಿತು. ಕೆಳದವಡೆ ತನ್ನ ಪಾಡಿಗೆ ಬೆಳೆಯಿತು, ಮೇಲಿನದು ಹಿಂದುಳಿಯಿತು. ಈಗ ಮುಂಹಲ್ಲುಗಳು ಒಂದಕ್ಕೊಂದು ಸೇರುವುದಿಲ್ಲ. ರೊಟ್ಟಿಯ ತುಂಡನ್ನು ಕಚ್ಚಿ ಹರಿಯುವುದೂ ಕಷ್ಟ, ಕೆಲವು ಅಕ್ಷರಗಳ ಉಚ್ಚಾರವೂ ಕಷ್ಟ. ಮುಖದ ಬೆಳವಣಿಗೆ ನಿಂತ ಬಳಿಕ ದವಡೆಯ ಶಸ್ತ್ರಚಿಕಿತ್ಸೆ ಮಾಡಬಹುದೆಂದು ವೈದ್ಯರು ಸೂಚಿಸುತ್ತಾರೆ. ಕಾಸರಗೋಡಿನ ಕುಟುಂಬವಾದರೆ ಮಂಗಳೂರಿಗೆ, ಸೊಲ್ಲಾಪುರದ್ದಾದರೆ ಪುಣೆಗೆ, ಹೊಸೂರಿನದಾದರೆ ಬೆಂಗಳೂರಿಗೆ ಪ್ರಯಾಣ ಆರಂಭವಾಗುತ್ತದೆ.

ಈ ಶಸ್ತ್ರಚಿಕಿತ್ಸೆಗೆ ದೀರ್ಘ ಇತಿಹಾಸವಿದೆ. 1901ರಲ್ಲಿ ಫ್ರಾನ್ಸಿನ ರೆನೆ ಲೆ ಫೋರ್ಟ್ ಎಂಬ ಶಸ್ತ್ರವೈದ್ಯರು, ಪೆಟ್ಟು ಬಿದ್ದಾಗ ಮುಖದ ಮೂಳೆ ಯಾವ ಗೆರೆಗಳಲ್ಲಿ ಒಡೆಯುತ್ತದೆ ಎಂಬುದನ್ನು ಮೃತದೇಹಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಅವರು ಗುರುತಿಸಿದ ಅತ್ಯಂತ ಕೆಳಗಿನ ಗೆರೆಯಲ್ಲೇ ಇಂದು ಮೇಲ್ದವಡೆಯನ್ನು ಬೇಕೆಂದು ಬಿಡಿಸಲಾಗುತ್ತದೆ. ಅದಕ್ಕೆ ‘ಲೆ ಫೋರ್ಟ್ ಒಂದು’ ಎಂಬ ಹೆಸರೇ ನಿಂತಿದೆ. ಕೆಳದವಡೆಯನ್ನು ಬಾಯಿಯೊಳಗಿನಿಂದಲೇ ಉದ್ದಕ್ಕೆ ಸೀಳಿ ಸರಿಸುವ ವಿಧಾನವನ್ನು ಟ್ರೌನರ್ ಮತ್ತು ಹ್ಯೂಗೋ ಒಬ್ವೆಗೇಸರ್ 1957ರಲ್ಲಿ ಇಂಗ್ಲಿಷ್ ಲೇಖನದ ಮೂಲಕ ಜಗತ್ತಿಗೆ ತಿಳಿಸಿದರು. ಮುಖದ ಚರ್ಮದ ಮೇಲೆ ಕಲೆ ಬೀಳದೆ ದವಡೆಗಳನ್ನು ಸರಿಸುವ ದಾರಿ ಹೀಗೆ ತೆರೆಯಿತು.

ಆದರೆ ಎಷ್ಟು ಸರಿಸಬೇಕು, ಯಾವ ದಿಕ್ಕಿಗೆ ಸರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಸಿಗುವುದಿಲ್ಲ. ಅಲ್ಲಿ ರೋಗಿ ಮಲಗಿರುತ್ತಾಳೆ, ಮುಖ ಬಾತಿರುತ್ತದೆ, ಸ್ನಾಯುಗಳು ಸಡಿಲವಾಗಿರುತ್ತವೆ. ಆದ್ದರಿಂದ ನಿರ್ಧಾರವು ಹಲವು ದಿನಗಳ ಮೊದಲೇ, ಪ್ರಯೋಗಾಲಯದ ಮೇಜಿನ ಮೇಲೆ, ಪ್ಲಾಸ್ಟರಿನ ದವಡೆಗಳ ಮೇಲೆ ಆಗುತ್ತದೆ. ಹಲ್ಲುಗಳ ಅಚ್ಚು ತೆಗೆದು, ಅದರೊಳಗೆ ಡೆಂಟಲ್ ಸ್ಟೋನ್ ಎಂಬ ಗಟ್ಟಿ ಗಚ್ಚನ್ನು ಸುರಿದು ಮೇಲಿನ ಮತ್ತು ಕೆಳಗಿನ ದವಡೆಗಳ ಮಾದರಿಗಳನ್ನು ಮಾಡುತ್ತಾರೆ. ಅವನ್ನು ಆರ್ಟಿಕ್ಯುಲೇಟರ್ ಎಂಬ ಉಪಕರಣದಲ್ಲಿ ಕೂರಿಸುತ್ತಾರೆ. ಇದು ಕಿವಿಯ ಮುಂದಿರುವ ದವಡೆಯ ಕೀಲನ್ನು ಅನುಕರಿಸುವ, ಬಾಗಿಲಿನ ತಿರುಗಣಿಯಂತೆ ತೆರೆದು ಮುಚ್ಚುವ ಲೋಹದ ಚೌಕಟ್ಟು. ಬಳಿಕ ಗರಗಸದಿಂದ ಮೇಲಿನ ಮಾದರಿಯನ್ನು ಕತ್ತರಿಸಿ, ಯೋಜಿಸಿದಷ್ಟು ಸರಿಸಿ, ಮೇಣದಿಂದ ನಿಲ್ಲಿಸುತ್ತಾರೆ. ಆ ಹೊಸ ಸ್ಥಾನದಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಅಕ್ರಿಲಿಕ್‌ನ ತೆಳುವಾದ ಪಟ್ಟಿಯೊಂದನ್ನು ಎರಕ ಹೊಯ್ಯುತ್ತಾರೆ. ಇದೇ ಸ್ಪ್ಲಿಂಟ್. ಶಸ್ತ್ರಚಿಕಿತ್ಸೆಯ ದಿನ ಬಿಡಿಸಿದ ಮೇಲ್ದವಡೆಯನ್ನು ಇನ್ನೂ ಕತ್ತರಿಸದ ಕೆಳದವಡೆಗೆ ಈ ಪಟ್ಟಿಯ ಮೂಲಕ ಜೋಡಿಸಿ, ತಂತಿಯಿಂದ ಬಿಗಿದು, ಟೈಟಾನಿಯಂ ಫಲಕಗಳಿಂದ ಭದ್ರಪಡಿಸುತ್ತಾರೆ. ಎಂದರೆ ಶಸ್ತ್ರಚಿಕಿತ್ಸಕನ ಕೈಗೆ ದಾರಿ ತೋರಿಸುವುದು ಆ ಪಟ್ಟಿ. ಪಟ್ಟಿಗೆ ರೂಪ ಕೊಟ್ಟದ್ದು ಪ್ಲಾಸ್ಟರಿನ ಮಾದರಿ.

ಮಾದರಿಯನ್ನು ಆರ್ಟಿಕ್ಯುಲೇಟರಿನಲ್ಲಿ ಕೂರಿಸುವಾಗ ಅದು ರೋಗಿಯ ತಲೆಯಲ್ಲಿ ಇರುವಂತೆಯೇ ಕೂರಬೇಕು. ಅದಕ್ಕಾಗಿ ಬಳಸುವ ಸಾಧನ ಫೇಸ್‌ಬೋ. ಇದು ಮುಖದ ಮುಂದೆ ಬಿಲ್ಲಿನಂತೆ ಬಾಗಿ ನಿಲ್ಲುವ ಲೋಹದ ಚೌಕಟ್ಟು. ಇದರ ಎರಡು ತುದಿಗಳು ಕಿವಿಯ ರಂಧ್ರಗಳಲ್ಲಿ ಕೂರುತ್ತವೆ. ಮುಂದಿನ ಸೂಚಿ ಕಣ್ಣಿನ ಗುಳಿಯ ಕೆಳ ಅಂಚನ್ನು ತೋರಿಸುತ್ತದೆ. ನಡುವಿನ ಕವಲು ಮೇಲಿನ ಹಲ್ಲುಗಳನ್ನು ಹಿಡಿಯುತ್ತದೆ. ಹಾಗೆ ಹಿಡಿದ ಸಂಬಂಧವನ್ನು ಕದಲಿಸದೆ ಆರ್ಟಿಕ್ಯುಲೇಟರಿಗೆ ಸಾಗಿಸಿ, ಗಚ್ಚು ಹಾಕಿ ಮಾದರಿಯನ್ನು ಅಂಟಿಸಲಾಗುತ್ತದೆ. ಮೋಜಣಿಯ ಮೂಲಕಲ್ಲನ್ನು ನೆಡುವ ಕ್ಷಣ ಇದೇ.

ಈ ಸಾಧನ ಹುಟ್ಟಿದ್ದು ಶಸ್ತ್ರಚಿಕಿತ್ಸೆಗಾಗಿ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ದಂತವೈದ್ಯ ಜಾರ್ಜ್ ಸ್ನೋ ರೂಪಿಸಿದ ಫೇಸ್‌ಬೋ ಹಲ್ಲುಸೆಟ್ಟು ಮಾಡುವ ಕಸುಬಿಗೆ ಸೇರಿದ್ದು. ಹಲ್ಲುಸೆಟ್ಟಿಗೆ ಬೇಕಾದದ್ದು ಮುಖ್ಯವಾಗಿ ಹಲ್ಲುಗಳಿಗೂ ಕೀಲಿಗೂ ನಡುವಿನ ದೂರ. ಇಡೀ ಮಾದರಿ ನೆಲಕ್ಕೆ ಹೋಲಿಸಿದರೆ ಕೆಲವು ಡಿಗ್ರಿ ವಾಲಿ ಕೂತಿದ್ದರೂ ಅಲ್ಲಿ ದೊಡ್ಡ ಹಾನಿಯಿಲ್ಲ. ಮೇಲಿನದೂ ಕೆಳಗಿನದೂ ಒಟ್ಟಿಗೇ ವಾಲಿರುತ್ತವೆ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ದವಡೆಯೇ ತಲೆಬುರುಡೆಗೆ ಸಂಬಂಧಿಸಿ ಚಲಿಸುತ್ತದೆ. ‘ಮುಂದೆ’ ಎಂದರೆ ಯಾವ ಕಡೆ, ‘ಮೇಲೆ’ ಎಂದರೆ ಯಾವ ಕಡೆ ಎಂಬುದು ಅಲ್ಲಿ ನಿರ್ಣಾಯಕ. ಹಲ್ಲುಸೆಟ್ಟಿನಲ್ಲಿ ಕ್ಷಮ್ಯವಾದ ವಾಲಿಕೆ ಇಲ್ಲಿ ದಿಕ್ಕನ್ನೇ ತಪ್ಪಿಸುತ್ತದೆ.

ವಾಲಿಕೆ ಬರುವುದು ಎಲ್ಲಿಂದ? ವೈದ್ಯರು ಪಾರ್ಶ್ವಮುಖದ ಎಕ್ಸ್-ರೇಯನ್ನು ಅಳೆಯುವಾಗ ಫ್ರಾಂಕ್‌ಫರ್ಟ್ ಸಮತಲ ಎಂಬ ಆಧಾರರೇಖೆಯನ್ನು ಬಳಸುತ್ತಾರೆ. ಒಣ ತಲೆಬುರುಡೆಗಳನ್ನು ಒಂದೇ ಭಂಗಿಯಲ್ಲಿಟ್ಟು ಹೋಲಿಸಲೆಂದು 1880ರ ದಶಕದಲ್ಲಿ ಜರ್ಮನಿಯ ಮಾನವಶಾಸ್ತ್ರಜ್ಞರು ಒಪ್ಪಿಕೊಂಡ ರೇಖೆ ಇದು. ಕಿವಿಯ ರಂಧ್ರದ ಮೇಲಂಚಿನಿಂದ ಕಣ್ಣಿನ ಗುಳಿಯ ಕೆಳ ಅಂಚಿನವರೆಗೆ ಎಳೆಯುವ ಗೆರೆ. ಆದರೆ ಆರ್ಟಿಕ್ಯುಲೇಟರಿನಲ್ಲಿ ಸಮತಲವೆಂದು ಹಿಡಿಯುವ ಗೆರೆ ಹಲವು ಸಲ ಕೀಲಿನ ಅಕ್ಷದಿಂದ ಕಣ್ಣಿನ ಗುಳಿಗೆ ಹೋಗುತ್ತದೆ. ಕೀಲಿನ ಅಕ್ಷವು ಕಿವಿರಂಧ್ರದ ಮೇಲಂಚಿಗಿಂತ ಕೆಲವು ಮಿಲಿಮೀಟರ್ ಕೆಳಗಿದೆ. ಕೆಳಗಿರುವ ಆ ಬಿಂದುವನ್ನೂ ಕಣ್ಣಗುಳಿಯ ಅಂಚನ್ನೂ ಒಂದೇ ಮಟ್ಟಕ್ಕೆ ತಂದಾಗ ಇಡೀ ಮಾದರಿ ಮುಂದಕ್ಕೆ ತಲೆಬಾಗುತ್ತದೆ. ತಗ್ಗು 7 ಮಿ.ಮೀ., ಎರಡು ಬಿಂದುಗಳ ನಡುವಿನ ದೂರ 80 ಮಿ.ಮೀ. ಎಂದು ಹಿಡಿದರೆ ಈ ಬಾಗು ಸುಮಾರು 5 ಡಿಗ್ರಿ. ಯಾರೂ ಕೈತಪ್ಪು ಮಾಡಿಲ್ಲ. ಎರಡು ಬೇರೆ ಬೇರೆ ಗೆರೆಗಳಿಗೆ ಒಂದೇ ಹೆಸರು ಕೊಟ್ಟದ್ದೇ ತಪ್ಪು.

ಇದು ಕೇವಲ ಊಹೆಯಲ್ಲ. 1992ರಲ್ಲಿ ಎಡ್ವರ್ಡ್ ಎಲ್ಲಿಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಫೇಸ್‌ಬೋ ವರ್ಗಾವಣೆಯ ನಿಖರತೆಯನ್ನು ಪರೀಕ್ಷಿಸಿದರು. ಮೇಲಿನ ಹಲ್ಲುಗಳ ತುದಿಗಳನ್ನು ಸೇರಿಸುವ ಕಾಲ್ಪನಿಕ ಸಮತಲವನ್ನು ಕಚ್ಚುಸಮತಲ ಎನ್ನಬಹುದು. ಅದು ರೋಗಿಯ ಎಕ್ಸ್-ರೇಯಲ್ಲಿ ಇರುವುದಕ್ಕಿಂತ ಆರ್ಟಿಕ್ಯುಲೇಟರಿನಲ್ಲಿ ಹೆಚ್ಚು ಕಡಿದಾಗಿ ಕೂರುತ್ತದೆ ಎಂಬುದು ಅವರಿಗೆ ಕಂಡುಬಂತು. 2008ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸಂಶೋಧಕರು, ಮಾದರಿಗಳ ಮೇಲಿನ ಯೋಜನೆ ಎಷ್ಟು ನಿಖರ ಎಂಬ ಪ್ರಶ್ನೆಯನ್ನೇ ಲೇಖನದ ಶೀರ್ಷಿಕೆಯಾಗಿ ಇಟ್ಟರು. ದವಡೆಯ ಶಸ್ತ್ರಚಿಕಿತ್ಸೆಗೆಂದೇ ಮಾರ್ಪಡಿಸಿದ ಫೇಸ್‌ಬೋ ಮತ್ತು ಆರ್ಟಿಕ್ಯುಲೇಟರ್ ಕುರಿತ ಕೆಲಸವೂ ಅದೇ ಕಾಲದಲ್ಲಿ ಅಲ್ಲಿಂದ ಹೊರಬಂತು.

ಕೆಲವು ಡಿಗ್ರಿಗಳ ವಾಲಿಕೆಯಿಂದ ಏನಾಗುತ್ತದೆ ಎಂಬುದನ್ನು ಹತ್ತನೆಯ ತರಗತಿಯ ತ್ರಿಕೋನಮಿತಿ ಕಲಿತ ಮಕ್ಕಳೇ ಮನೆಯಲ್ಲಿ ಲೆಕ್ಕ ಹಾಕಬಹುದು. ಮಾದರಿಯು ನಿಜಕ್ಕಿಂತ 7 ಡಿಗ್ರಿ ಮುಂದಕ್ಕೆ ಬಾಗಿ ಕೂತಿದೆ ಎಂದಿರಲಿ. ಮೇಲ್ದವಡೆಯನ್ನು 10 ಮಿ.ಮೀ. ಮುಂದಕ್ಕೆ, 6 ಮಿ.ಮೀ. ಮೇಲಕ್ಕೆ ಒಯ್ಯಬೇಕೆಂದು ಯೋಜನೆ ಇರಲಿ. 7 ಡಿಗ್ರಿಯ ಸೈನ್ ಬೆಲೆ ಸುಮಾರು 0.122, ಕೊಸೈನ್ ಬೆಲೆ 0.993. ಆರ್ಟಿಕ್ಯುಲೇಟರಿನಲ್ಲಿ ‘ನೇರ ಮುಂದಕ್ಕೆ’ ಎಂದು ಸರಿಸಿದ 10 ಮಿ.ಮೀ. ರೋಗಿಯ ತಲೆಯಲ್ಲಿ 9.9 ಮಿ.ಮೀ. ಮುಂದಕ್ಕೂ 1.2 ಮಿ.ಮೀ. ಮೇಲಕ್ಕೂ ಹೋಗುತ್ತದೆ. ‘ನೇರ ಮೇಲಕ್ಕೆ’ ಎಂದ 6 ಮಿ.ಮೀ. ಸುಮಾರು ಅಷ್ಟೇ ಮೇಲಕ್ಕೆ ಹೋಗಿ 0.7 ಮಿ.ಮೀ. ಹಿಂದಕ್ಕೆ ಜಾರುತ್ತದೆ. ಕೂಡಿಸಿದರೆ 10ರ ಬದಲು 9.2 ಮುಂದಕ್ಕೆ, 6ರ ಬದಲು 7.2 ಮೇಲಕ್ಕೆ. ಆರ್ಟಿಕ್ಯುಲೇಟರಿನಲ್ಲಿ ಅಳತೆಪಟ್ಟಿ ಇಟ್ಟು ನೋಡಿದರೆ ಮಾತ್ರ ಎಲ್ಲವೂ ಕೂದಲೆಳೆಯಷ್ಟು ಸರಿಯಾಗಿರುತ್ತದೆ.

ಒಂದು ಮಿಲಿಮೀಟರಿಗೆ ಇಷ್ಟೇಕೆ ಚಿಂತೆ ಎಂದು ಕೇಳುವವರಿರಬಹುದು. ತುಟಿ ಸಡಿಲವಾಗಿರುವಾಗ ಮೇಲಿನ ಮುಂಹಲ್ಲು ಹೊರಗೆ ಕಾಣುವುದೇ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅದರಲ್ಲಿ 1.2 ಮಿ.ಮೀ. ಮರೆಯಾದರೆ ನಗು ಬದಲಾಗುತ್ತದೆ. ಯೋಜನೆಗೂ ಫಲಿತಾಂಶಕ್ಕೂ ನಡುವೆ 2 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪತಕ್ಕದ್ದೆಂದು ಸಂಶೋಧಕರು ಪರಿಗಣಿಸುತ್ತಾರೆ. ಮಾದರಿ ಕೂರಿಸುವ ಒಂದೇ ಹಂತವು ಆ ಮಿತಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗಿದರೆ ಉಳಿದ ಹಂತಗಳಿಗೆ ಉಳಿಯುವುದೇನು?

ಉಳಿದ ಹಂತಗಳೂ ಕಡಿಮೆಯಿಲ್ಲ. ಅಚ್ಚಿನ ಆಲ್ಜಿನೇಟ್ ನೀರು ಕಳೆದುಕೊಂಡು ಕುಗ್ಗುತ್ತದೆ. ತಡಮಾಡದೆ ಗಚ್ಚು ಸುರಿಯಬೇಕು. ಗಚ್ಚು ಗಟ್ಟಿಯಾಗುವಾಗ ಸಾವಿರಕ್ಕೆ ಒಂದೆರಡು ಭಾಗ ಹಿಗ್ಗುತ್ತದೆ. ಮಾದರಿಯನ್ನು ಅಂಟಿಸುವ ಪ್ಲಾಸ್ಟರನ್ನು ಒಮ್ಮೆಲೇ ದಪ್ಪವಾಗಿ ಸುರಿದರೆ ಅದು ಮಾದರಿಯನ್ನೇ ಕದಲಿಸಬಹುದು. ಎಚ್ಚರವಿದ್ದು ಕೂತಿರುವಾಗ ಕಚ್ಚಿಸಿ ತೆಗೆದ ಗುರುತಿಗೂ, ಅರಿವಳಿಕೆಯಲ್ಲಿ ಮಲಗಿರುವಾಗ ಕೀಲು ಕೂರುವ ಜಾಗಕ್ಕೂ ವ್ಯತ್ಯಾಸ ಇರಬಹುದು. ಎಲ್ಲಕ್ಕಿಂತ ಕಠಿಣವಾದದ್ದು ಮುಖವೇ ಒಂದು ಬದಿಗೆ ವಾಲಿರುವ ರೋಗಿಯ ಪ್ರಸಂಗ. ಆಕೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಫೇಸ್‌ಬೋ ಆದರೋ ಕಿವಿಗಳನ್ನೇ ನಂಬುತ್ತದೆ. ಸರಿಪಡಿಸಬೇಕಾದ ಓರೆಯನ್ನೇ ಅದು ಆಧಾರವಾಗಿ ಹಿಡಿದು, ಓರೆಯಾದ ದವಡೆಯನ್ನು ನೇರವೆಂದೋ ನೇರವನ್ನು ಓರೆಯೆಂದೋ ತೋರಿಸಬಹುದು. ಸಾಕ್ಷಿಯೇ ಪಕ್ಷಗಾರನಾದಂತೆ.

ಇವುಗಳಿಗೆ ಪರಿಹಾರಗಳಿವೆ, ಅವು ದುಬಾರಿಯೂ ಅಲ್ಲ. ಮಾದರಿಯನ್ನು ಕೂರಿಸಿದ ಮೇಲೆ ಕಚ್ಚುಸಮತಲದ ಕೋನವನ್ನು ಕೋನಮಾಪಕದಿಂದ ಅಳೆದು, ಎಕ್ಸ್-ರೇಯಲ್ಲಿ ಕಂಡ ಕೋನದೊಂದಿಗೆ ಹೋಲಿಸುವುದು ಮೊದಲನೆಯದು. ಹೊಂದದಿದ್ದರೆ ಗರಗಸ ಹಿಡಿಯುವ ಮೊದಲೇ ಮತ್ತೆ ಕೂರಿಸಬೇಕು. ಕಿವಿಯ ಬಿಂದು ಮತ್ತು ಕೀಲಿನ ಅಕ್ಷದ ನಡುವಿನ ತಗ್ಗನ್ನು ಲೆಕ್ಕಕ್ಕೆ ಸೇರಿಸುವುದು ಎರಡನೆಯದು. ರೋಗಿಯು ದೂರದ ಬಿಂದುವೊಂದನ್ನು ನೋಡುತ್ತ ಸಹಜವಾಗಿ ತಲೆ ಎತ್ತಿ ನಿಂತ ಭಂಗಿಯನ್ನು, ಗಾರೆಯವರು ಬಳಸುವಂಥ ರಸಮಟ್ಟದ ಸಹಾಯದಿಂದ ದಾಖಲಿಸುವುದು ಮೂರನೆಯದು. ಮುಖ ಓರೆಯಾಗಿದ್ದರೆ ಕಿವಿಗಳ ಬದಲು ಬೇರೆ ಆಧಾರಗಳನ್ನು ಹಿಡಿಯುವುದು ನಾಲ್ಕನೆಯದು. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಮೂಗಿನ ಬುಡದಲ್ಲಿ ತಾತ್ಕಾಲಿಕ ಗುರುತೊಂದನ್ನು ನೆಟ್ಟು ಅಲ್ಲಿಂದ ಹಲ್ಲಿನ ಎತ್ತರವನ್ನು ಅಳೆಯುವ ರೂಢಿಯೂ ಇದೆ. ಸ್ಪ್ಲಿಂಟ್ ಮಾತ್ರ ಎತ್ತರವನ್ನು ನಿರ್ಧರಿಸಲಾರದು ಎಂಬ ಅರಿವು ಅದರ ಹಿಂದಿದೆ.

ಇಂದು ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಪ್ಲಾಸ್ಟರಿನ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಸಿ.ಟಿ. ಸ್ಕ್ಯಾನಿನಿಂದ ಮೂಳೆಯ ಮೂರು ಆಯಾಮದ ಚಿತ್ರ, ಹಲ್ಲುಗಳ ಪ್ರತ್ಯೇಕ ಸ್ಕ್ಯಾನ್, ಪರದೆಯ ಮೇಲೆ ಕತ್ತರಿಸಿ ಸರಿಸುವ ಯೋಜನೆ, ಮುದ್ರಿಸಿದ ಸ್ಪ್ಲಿಂಟ್. ಫೇಸ್‌ಬೋ ಇಲ್ಲದ್ದರಿಂದ ಅದರ ದೋಷವೂ ಇಲ್ಲ. ಮುಖ ಓರೆಯಾದವರಿಗೆ ಇದು ಬಲು ಉಪಯುಕ್ತ. ಆದರೂ ಆಧಾರರೇಖೆಯ ಪ್ರಶ್ನೆ ಅಳಿದಿಲ್ಲ. ಪರದೆಯ ಮೇಲಿನ ತಲೆಬುರುಡೆಯನ್ನು ಯಾವ ಭಂಗಿಯಲ್ಲಿ ನೇರವೆಂದು ನಿಲ್ಲಿಸಬೇಕು ಎಂಬುದನ್ನು ಮನುಷ್ಯನೇ ತೀರ್ಮಾನಿಸಬೇಕು. ಹಲ್ಲಿನ ತಂತಿಗಳ ಲೋಹದಿಂದ ಸಿ.ಟಿ. ಚಿತ್ರ ಕಲಕುವುದರಿಂದ ಎರಡು ಸ್ಕ್ಯಾನ್‌ಗಳನ್ನು ಜೋಡಿಸುವಲ್ಲಿ ತಪ್ಪು ನುಸುಳಬಹುದು. ಯಂತ್ರ ಹೊಸದಾದ ಮಾತ್ರಕ್ಕೆ ಮೂಲಕಲ್ಲು ತಾನಾಗಿ ಸರಿಯಾಗದು.

ಇಷ್ಟೆಲ್ಲ ತಿಳಿದುಕೊಂಡು ಶಾಲೆಯ ಮಕ್ಕಳ ಹೆತ್ತವರು ಮಾಡಬೇಕಾದದ್ದೇನು? ಶಸ್ತ್ರಚಿಕಿತ್ಸಕರಿಗೆ ಪಾಠ ಹೇಳುವುದಲ್ಲ; ಕೇಳಿ ತಿಳಿಯುವುದು. ಕಾನೂನು ಈ ವಿಷಯದಲ್ಲಿ ಅವರ ಬೆಂಬಲಕ್ಕಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರೋಗಿಯ ಸಮ್ಮತಿ ನೈಜವಾಗಿರಬೇಕು ಎಂದು ಸಾರಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬದಲಿ ಮಾರ್ಗ, ಗಣನೀಯ ಅಪಾಯಗಳನ್ನು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಆ ಪ್ರಕರಣದಲ್ಲಿ ವಯಸ್ಕ ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆಯನ್ನು ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಹದಿನೆಂಟು ತುಂಬಿದ ಮಗಳ ದವಡೆಯ ವಿಷಯದಲ್ಲಿ ಸಹಿ ಮಗಳದ್ದು, ತಿಳಿವಳಿಕೆಯೂ ಮಗಳದ್ದೇ ಆಗಿರಬೇಕು ಎಂಬುದನ್ನು ಹೆತ್ತವರು ಇಲ್ಲಿಂದ ಕಲಿಯಬಹುದು.

ಗಡಿಯಾಚೆಯ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿನ ಮುಂದೆ ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ ಅಚ್ಚಾದ ಹಾಳೆಯನ್ನಿಟ್ಟು ಸಹಿ ಕೇಳಿದರೆ, ಅರ್ಥವಾಗದ ಕಾಗದದ ಮೇಲಿನ ಸಹಿ ತಿಳಿದು ಕೊಟ್ಟ ಸಮ್ಮತಿಯಾಗಲಾರದು. ಕನ್ನಡದಲ್ಲಿ ವಿವರಿಸಿರಿ ಎಂದು ಕೇಳುವುದು ಉದ್ಧಟತನವಲ್ಲ. ವಿವರಿಸಿದವರು ಯಾರು, ಯಾವ ಭಾಷೆಯಲ್ಲಿ ಎಂಬುದನ್ನು ಅದೇ ಹಾಳೆಯಲ್ಲಿ ಬರೆಸಿಕೊಳ್ಳುವುದು ಎರಡೂ ಪಕ್ಷಗಳಿಗೆ ಕ್ಷೇಮ.

ಕೇಳಬೇಕಾದ ಪ್ರಶ್ನೆಗಳು ಸರಳ. ಯೋಜನೆ ಮಾದರಿಗಳ ಮೇಲೋ ಕಂಪ್ಯೂಟರಿನಲ್ಲೋ? ಮಾದರಿಯ ಮೇಲಾದರೆ ಕೂರಿಸಿದ ಕೋನವನ್ನು ಎಕ್ಸ್-ರೇಗೆ ಹೋಲಿಸಿ ನೋಡಲಾಗಿದೆಯೇ? ದವಡೆ ಎಷ್ಟು ಮಿಲಿಮೀಟರ್, ಯಾವ ದಿಕ್ಕಿಗೆ ಸರಿಯಲಿದೆ? ಯೋಜಿಸಿದ್ದಕ್ಕೂ ಆಗುವುದಕ್ಕೂ ಎಷ್ಟು ವ್ಯತ್ಯಾಸ ನಿರೀಕ್ಷಿತ? ಕೆಳದವಡೆಯನ್ನೂ ಸೀಳುವುದಾದರೆ ಕೆಳತುಟಿ ಮತ್ತು ಗಲ್ಲದ ಮರಗಟ್ಟುವಿಕೆ ಎಷ್ಟು ಕಾಲ ಇರಬಹುದು, ಉಳಿದೇ ಹೋಗುವ ಸಂಭವವೆಷ್ಟು? ನುರಿತ ವೈದ್ಯರಿಗೆ ಈ ಪ್ರಶ್ನೆಗಳು ಹೊಸವಲ್ಲ.

ಫಲಿತಾಂಶ ಎಣಿಸಿದಂತೆ ಬರಲಿಲ್ಲ ಎಂದ ಮಾತ್ರಕ್ಕೆ ನಿರ್ಲಕ್ಷ್ಯವೆನ್ನಲಾಗದು ಎಂಬುದನ್ನೂ ನೆನಪಿಡಬೇಕು. ಕಾನೂನು ವೈದ್ಯರಿಂದ ಅಪೇಕ್ಷಿಸುವುದು ಪವಾಡವನ್ನಲ್ಲ, ಸಮಂಜಸವಾದ ಕೌಶಲ ಮತ್ತು ಎಚ್ಚರವನ್ನು. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆ ಅದರ ಹೊರಗೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಗಡಿನಾಡಿನವರಿಗೆ ಒಂದು ಅನುಕೂಲವನ್ನು ಕೊಟ್ಟಿದೆ. ಚಿಕಿತ್ಸೆ ಬೇರೆ ರಾಜ್ಯದಲ್ಲಿ ಆಗಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಆದರೆ ಅಲ್ಲಿಗೆ ಹೋಗುವ ಪ್ರಮೇಯವೇ ಬಾರದಿರಲು ಮೊದಲಿನ ಒಂದು ಗಂಟೆಯ ಮಾತುಕತೆ ಹೆಚ್ಚು ಉಪಕಾರಿ. ಎಕ್ಸ್-ರೇಗಳ ಪ್ರತಿ, ಯೋಜನೆಯ ಅಳತೆಗಳು, ಮಾದರಿಗಳ ಛಾಯಾಚಿತ್ರಗಳನ್ನು ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿಡುವುದು, ಮುಂದೆ ಬೇರೊಬ್ಬ ವೈದ್ಯರ ಬಳಿಗೆ ಹೋಗಬೇಕಾದರೂ ನೆರವಾಗುತ್ತದೆ.

ಆ ಹುಡುಗಿ ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ರೊಟ್ಟಿಯನ್ನು ಕಚ್ಚಿ ತಿನ್ನುವುದು, ತರಗತಿಯಲ್ಲಿ ಎದ್ದು ನಿಂತು ಸ್ಪಷ್ಟವಾಗಿ ಓದುವುದು, ಕೈ ಅಡ್ಡ ಹಿಡಿಯದೆ ನಗುವುದು. ಅವಳ ಮೂಳೆಗೆ ಗರಗಸ ತಾಗುವ ಮೊದಲು ಮೇಜಿನ ಮೇಲಿನ ಪ್ಲಾಸ್ಟರ್ ದವಡೆಗೆ ಯಾರಾದರೊಬ್ಬರು ಕೋನಮಾಪಕ ಇಟ್ಟು ನೋಡಿದ್ದಾರೆಯೇ ಎಂದು ಅವಳ ಮನೆಯವರು ಕೇಳಿದರೆ, ಅದು ಅವಳಿಗೆ ಸಲ್ಲಬೇಕಾದ ಎಚ್ಚರವೇ ಆಗಿದೆ.